ಫಿನ್‌ಲ್ಯಾಂಡಿನ ಹಬೆಯಲ್ಲಿ ನಮ್ಮ ಎಮ್ಮೆಯ ಹೆಸರು

ಮಧುಗಿರಿ: ಗಿರಣಿಯ ಮಹಡಿ

ವಿದೇಶಕ್ಕೆ ಹೋಗಿ ಬಂದವರು ಮೊದಲು ಅಲ್ಲಿನ ರಸ್ತೆ ಹೊಗಳುತ್ತಾರೆ, ಆಮೇಲೆ ಅಲ್ಲಿನ ಪಾಯಿಖಾನೆ ಹೊಗಳುತ್ತಾರೆ. ನಾನು ಎರಡನ್ನೂ ಬಳಸಿದ್ದೇನೆ, ಎರಡೂ ಚೆನ್ನಾಗಿವೆ, ಆ ವಿಷಯ ಇಲ್ಲಿಗೆ ಮುಗಿಯಿತು. ನಮ್ಮ ಕಡೆಯವರನ್ನು ಹೊರದೇಶದವರು ಡಾಕ್ಟರಾಗಿ, ಅಡುಗೆಯವರಾಗಿ, ಡ್ರೈವರಾಗಿ ಕರೆಸಿಕೊಂಡದ್ದುಂಟು. ಕಳ್ಳನಾಗಿ ಕರೆಸಿಕೊಂಡದ್ದು ನನ್ನೊಬ್ಬನನ್ನೇ.

ನಾನು ಪುಟ್ಟರಂಗಪ್ಪ. ಮಧುಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದೆ. ಟ್ರಂಕ್ ಕಾಲಿನ ಆ ಕಾಲದಲ್ಲಿ ತಹಶೀಲ್ದಾರರ ದನಿ, ಡಾಕ್ಟರ ಕೆಮ್ಮು, ಸಬ್‌ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಳ್ಳುವ ರೀತಿ ಎಲ್ಲವೂ ನನ್ನ ಬಾಯಲ್ಲಿದ್ದವು. ಬೀಗರ ದನಿಯಲ್ಲಿ ಛತ್ರದ ಅಡುಗೆ ಭಟ್ಟರಿಗೆ ಫೋನು ಮಾಡಿ ಒಂದು ಮದುವೆಯಲ್ಲಿ ಪಾಯಸವನ್ನು ಎರಡು ಸಲ ಬಡಿಸುವಂತೆ ಮಾಡಿದ್ದೇನೆ. ಆ ಬೀಗರಿಗೆ ಇವತ್ತಿಗೂ ಧಾರಾಳಿ ಎಂಬ ಹೆಸರಿದೆ. ನನಗೆ ಥ್ಯಾಂಕ್ಸ್ ಹೇಳಿಲ್ಲ.

ನಿವೃತ್ತಿಯಾದ ಮೇಲೆ ಈ ವಿದ್ಯೆ ತುಕ್ಕು ಹಿಡಿಯುತ್ತಿದ್ದಾಗ ಕೈ ಹಿಡಿದವಳು ನಸ್ರೀನ್. ಶಿರಾದವಳು, ಕಂಪ್ಯೂಟರ್ ಮೇಷ್ಟ್ರು. ಬಸ್ ಸ್ಟ್ಯಾಂಡಿನ ಹಿಂದಿನ ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಪ್ರತಿ ಭಾನುವಾರ ಅವಳು ‘ಬೀಗ ಬಳಗ’ ನಡೆಸುತ್ತಾಳೆ. ವೆಬ್‌ಸೈಟು, ಆಪು ಕಟ್ಟಿದವರು ಯಾವ ಕಿಟಕಿಗೆ ಅಗುಳಿ ಹಾಕಲು ಮರೆತಿದ್ದಾರೆಂದು ಕಳ್ಳನಿಗಿಂತ ಮೊದಲೇ ಹೋಗಿ ಪತ್ತೆ ಮಾಡಿ, ಮಾಲೀಕನಿಗೆ ಹೇಳುವ ವಿದ್ಯೆ ಅದು. ಎಥಿಕಲ್ ಹ್ಯಾಕಿಂಗ್ ಅನ್ನುತ್ತಾರೆ. ಬರೀ ಬೋರ್ಡಿನ ಮೇಲೆ ಬರೆಯುವ ಪಾಠವಲ್ಲ, ಕೈಯಾರೆ ಮುರಿದು ಕಲಿಯಬೇಕು. ಅದಕ್ಕೆಂದೇ ನಸ್ರೀನ್ ಒಂದು ಸುಳ್ಳು ಹಾಲಿನ ಡೈರಿಯ ವೆಬ್‌ಸೈಟು ಕಟ್ಟಿಟ್ಟಿದ್ದಾಳೆ. ಹೊಳವನಹಳ್ಳಿಯಿಂದ ಕಲಿಯಲು ಬಂದ ನಿಜವಾದ ಡೈರಿ ಸೆಕ್ರೆಟರಿಯೇ ಎರಡನೇ ವಾರ ಅದರೊಳಗೆ ನುಗ್ಗಿ ನೀರುಹಾಲಿಗೆ ಫ್ಯಾಟ್ ಏರಿಸಿಬಿಟ್ಟರು. ಅಷ್ಟು ಬೇಗ ಹೇಗೆ ಹೊಳೆಯಿತೆಂದು ನಾವು ಕೇಳಲಿಲ್ಲ. ಕೆಳಗೆ ರಾಗಿ ಬೀಸುವಾಗ ಮೇಲೆ ಕೀಬೋರ್ಡುಗಳೆಲ್ಲ ಬೂದಿ ಬಳಿದುಕೊಂಡ ಹಾಗೆ ಕಾಣುತ್ತವೆ.

ನನ್ನ ಕೆಲಸ ಫೋನಿನದು. ಬ್ಯಾಂಕ್ ಮ್ಯಾನೇಜರ್ ದನಿಯಲ್ಲಿ ಕಲಿಯುವವರಿಗೆ ಫೋನು ಮಾಡಿ ಓಟಿಪಿ ಕೇಳುವುದು. ಆದರೆ ನಸ್ರೀನಳ ಕಟ್ಟಳೆ ಒಂದಿದೆ. ಯಾರ ಮೇಲೆ ಆಟ ಆಡುತ್ತೇವೋ ಅವರು ಮೊದಲೇ ಒಪ್ಪಿಗೆ ಕೊಟ್ಟಿರಬೇಕು.

“ಚಾಚಾ, ಇಜಾಜತ್ ಇಲ್ದೆ ಯಾರ ಬಾಗಿಲೂ ಮುಟ್ಟಬ್ಯಾಡಿ,” ಅನ್ನುತ್ತಾಳೆ. “ಇಜಾಜತ್ ಇದ್ರೆ ನಾವು ಮೇಷ್ಟ್ರು. ಇಲ್ದಿದ್ರೆ ಬಸ್, ಕಳ್ರು.”

“ಒಪ್ಪಿಗೆ ಕೊಟ್ಟೋರ್ನ ಏಮಾರ್ಸಾದ್ರಾಗೆ ಏನ್ ಮಜಾ ಐತಮ್ಮ?” ಅಂದೆ.

“ಕೊಟ್ಟ ಮ್ಯಾಲೂ ಏಮಾರ್ತಾರಲ್ಲ, ಅದೇ ಮಜಾ.”

ಅವಳ ಮಾತು ನಿಜವೇ ಆಯಿತು. ಒಪ್ಪಿಗೆ ಕೊಟ್ಟು, ಸಂಜೆ ಫೋನು ಬರುತ್ತದೆಂದು ಗೊತ್ತಿದ್ದೂ, ಬಡವನಹಳ್ಳಿಯ ಮೊಬೈಲ್ ಅಂಗಡಿಯವನು ನನಗೆ ಓಟಿಪಿ ಜೊತೆಗೆ ಅತ್ತಿಗೆಯ ಆಧಾರ್ ನಂಬರನ್ನೂ ಕೊಟ್ಟ.

ಹೀಗಿರುವಾಗ ಗಿರಣಿಯವರು ಮಹಡಿ ಖಾಲಿ ಮಾಡಿ ಎಂದರು. ಕಡಲೇಕಾಯಿ ಮೂಟೆ ಇಡಲು ಜಾಗ ಬೇಕಂತೆ. ನಸ್ರೀನ್ ಕೊರಟಗೆರೆ ಕಡೆಯ ಒಂದು ಕಾಲೇಜಿಗೆ ಹೋಗಿ, ಭಾನುವಾರ ಬೀಗ ಹಾಕಿಯೇ ಇರುವ ಲ್ಯಾಬನ್ನು ನಮಗೆ ಕೊಡುವಿರಾ ಎಂದು ಕೇಳಿದಳು. ಪ್ರಿನ್ಸಿಪಾಲರು ಕನ್ನಡಕ ತೆಗೆದರು.

“ಹ್ಯಾಕಿಂಗ್ ಅಂದ್ರೆ ಕಳ್ತನ ಅಲ್ವೇನಮ್ಮ? ಪೇರೆಂಟ್ಸ್ ಬಂದು ಕೇಳಿದ್ರೆ ಏನ್ ಹೇಳ್ಲಿ? ನಮ್ಮ ಕಾಲೇಜಲ್ಲಿ ಭಾನುವಾರ ಕನ್ನ ಹಾಕೋದು ಹೇಳ್ಕೊಡ್ತೀವಿ ಅಂತಲಾ?”

ಆ ಹೊತ್ತಿಗೆ ನಸ್ರೀನ್ ಇಂಟರ್‌ನೆಟ್ಟಿನಲ್ಲಿ ನಡೆದ ಯಾವುದೋ ಬೀಗ ಒಡೆಯುವ ಪಂದ್ಯದಲ್ಲಿ ಗೆದ್ದಿದ್ದಳು, ಮೂವರ ತಂಡ ಕಟ್ಟಿಕೊಂಡು ಫಿನ್‌ಲ್ಯಾಂಡಿನ ಮುಖ್ಯ ಆಟಕ್ಕೆ ಬನ್ನಿ ಎಂದು ಕರೆ ಬಂದಿತ್ತು. ಅದನ್ನು ಹೇಳಿದಾಗ ಪ್ರಿನ್ಸಿಪಾಲರು ಕನ್ನಡಕ ಮತ್ತೆ ಹಾಕಿಕೊಂಡರು.

“ಫಾರಿನ್ನಿಂದ ಒಂದು ಕಪ್ ತಗಂಬನ್ನಿ. ಗಾಜಿನ ಬೀರುವಲ್ಲಿ ಇಡೋಕೆ ಏನಾದ್ರೂ ಇದ್ರೆ ಮ್ಯಾನೇಜ್‌ಮೆಂಟಿಗೆ ತೋರಿಸ್ಬೋದು. ಇಲ್ಲಾಂದ್ರೆ ಕಷ್ಟ.”

ಹಾಗಾಗಿ ನಾವು ಹೋದದ್ದು ಪ್ರವಾಸಕ್ಕಲ್ಲ, ಒಂದು ಲ್ಯಾಬಿನ ಬೀಗದ ಕೈಗೆ. ತಂಡದ ಮೂರನೆಯವನು ಓಬಳೇಶಿ. ಪಾವಗಡದ ಕಡೆಯವನು, ವಳ್ಳೂರಿನ ಸೋಲಾರ್ ಬಯಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಅವನ ಕನ್ನಡಕ್ಕೆ ಗಡಿಯ ಆಚೆಯ ತೆಲುಗಿನ ಒಗ್ಗರಣೆ ಇದೆ.

ಹೆಲ್ಸಿಂಕಿ: ಚಟ್ನಿಪುಡಿಯ ತಪಾಸಣೆ

ನನ್ನ ಹೆಂಡತಿ ಸಿದ್ದಗಂಗಮ್ಮ ಹುಚ್ಚೆಳ್ಳು ಚಟ್ನಿಪುಡಿಯನ್ನು ಡಬ್ಬಿಗೆ ತುಂಬಿ ಬಟ್ಟೆ ಕಟ್ಟಿ ಕೊಟ್ಟಿದ್ದಳು. ಹೆಲ್ಸಿಂಕಿ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಅದನ್ನು ತೆಗೆಸಿದ. ಕರ್ರಗಿನ ಪುಡಿ, ಬಿಗಿಯಾಗಿ ಕಟ್ಟಿದ ಡಬ್ಬಿ, ಬಾಯಿ ನಿಲ್ಲದ ಮುದುಕ. ಅವನಿಗೆ ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ.

ಇದೇನೆಂದು ಕೇಳಿದ. ನನ್ನ ಇಂಗ್ಲಿಷು ಟ್ರಂಕ್ ಕಾಲಿನ ಇಂಗ್ಲಿಷು. ಹೇಳಿದ್ದು ಆಚೆ ಕಡೆಗೆ ತಲುಪುತ್ತದೆ, ಅಂದಚಂದ ಕೇಳಬಾರದು. ರೊಟ್ಟಿಗೆ ಹಚ್ಚಿಕೊಳ್ಳುವುದು, ನೀವೇ ನೋಡಿ ಎಂದೆ. ಪಾಪ, ಕರ್ತವ್ಯನಿಷ್ಠ. ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡ. ಅವನ ಬಿಳಿ ಮುಖ ಕತ್ತಿನಿಂದ ಶುರುವಾಗಿ ಕಿವಿಯವರೆಗೆ ಕೆಂಪಾಯಿತು. ಕಣ್ಣಲ್ಲಿ ನೀರು ಇಳಿಯಿತು. ನಮ್ಮ ಕಡೆಯ ಅಧಿಕಾರಿಯಾಗಿದ್ದರೆ ನನ್ನ ಮೂರು ತಲೆಮಾರನ್ನು ಬೈದಿರುತ್ತಿದ್ದ. ಇವನು ಡಬ್ಬಿಗೆ ಮುಚ್ಚಳ ಹಾಕಿ, ಬಟ್ಟೆ ಕಟ್ಟಿ, ನನ್ನ ಕೈಗಿಟ್ಟು, ತಲೆಯಾಡಿಸಿ, ನೀರಿನ ನಲ್ಲಿಯ ಕಡೆಗೆ ಹೋದ. ಒಂದು ಮಾತಿಲ್ಲ.

ಬೇಜಾರಾಯಿತು. ತಮಾಷೆ ಮಾಡಿದ ಮೇಲೆ ಎದುರಿನವನು ಬಾಯಿಬಿಟ್ಟು ಬೈಯದಿದ್ದರೆ ಅದು ಅರ್ಧಕ್ಕೇ ನಿಂತ ಹಾಗೆ.

ಟಾಂಪೆರೆಯ ರೈಲು

ಆಟ ಇದ್ದದ್ದು ಟಾಂಪೆರೆ ಎಂಬ ಊರಿನಲ್ಲಿ. ರೈಲಿನಲ್ಲಿ ಹೋದೆವು. ಬೋಗಿ ತುಂಬ ಜನ, ಸದ್ದು ಮಾತ್ರ ಗಾಲಿಗಳದು. ಪಾವಗಡದಿಂದ ಮಧುಗಿರಿಗೆ ಬಸ್ಸು ಹತ್ತಿದರೆ ಅರ್ಧ ದಾರಿಯಲ್ಲೇ ಪಕ್ಕದವರ ಮಗು ನಮ್ಮ ತೊಡೆಯ ಮೇಲಿರುತ್ತದೆ, ಅವರ ಭಾವಮೈದುನನ ಕೋರ್ಟ್ ಕೇಸು ನಮ್ಮ ತಲೆಯಲ್ಲಿರುತ್ತದೆ. ಇಲ್ಲಿ ನಾನು ಒಬ್ಬರ ಪಕ್ಕ ಕೂತು “ಯಾವ ಊರಾಯಿತು?” ಎಂದು ಕೇಳಿದೆ. ಅವರು ಊರಿನ ಹೆಸರು ಹೇಳಿ, ನಕ್ಕು, ನನಗೆ ಜಾಗ ಸಾಲದೇನೋ ಎಂಬಂತೆ ಎದ್ದು ಬೇರೆ ಕಡೆ ಕೂತರು.

“ಅವ್ರ ಕಾಲ್ ತುಳಿದ್ಯಾ ಮಾಮಾ?” ಎಂದ ಓಬಳೇಶಿ.

“ಯಾವೂರು ಅಂದೆ ಕಣ್ಲಾ, ಅಷ್ಟೇಯ.”

“ಇಕ್ಕಡ ಅದು ಕಾಲು ತುಳಿದಂಗೇ ಅಂಟ. ನೆಟ್ಟಲ್ಲಿ ಬರ್ದವ್ರೆ.”

ಎದುರು ಸೀಟಿನ ಅಜ್ಜಿಗೆ ಮಾತ್ರ ನನ್ನ ಮೇಲೆ ಕನಿಕರ ಬಂತು. ಚೀಲದಿಂದ ಒಂದು ಕಪ್ಪು ಮಿಠಾಯಿ ತೆಗೆದು ಕೊಟ್ಟರು. ಬಾಯಿಗೆ ಹಾಕಿಕೊಂಡೆ. ಉಪ್ಪು. ಬರೀ ಉಪ್ಪಲ್ಲ, ಜ್ವರದ ಮಾತ್ರೆಯನ್ನು ಉಪ್ಪಿನಕಾಯಿ ಜಾಡಿಯಲ್ಲಿ ನೆನೆಹಾಕಿ ಅದಕ್ಕೆ ಜ್ಯೇಷ್ಠಮಧು ಸವರಿದ ಹಾಗೆ. ಆ ದೇಶದವರು ಇದನ್ನು ಖುಷಿಗೆ ತಿನ್ನುತ್ತಾರಂತೆ. ಅಜ್ಜಿ ನೋಡುತ್ತಿದ್ದರು, ಉಗುಳುವ ಹಾಗಿಲ್ಲ. ಹಲ್ಲು ಕಚ್ಚಿ ಕೂತೆ. ಟಾಂಪೆರೆ ಬರುವ ತನಕ ನನ್ನ ಬಾಯಿಂದ ಮಾತು ಹೊರಡಲಿಲ್ಲ.

“ಯಾ ಅಲ್ಲಾ,” ಎಂದಳು ನಸ್ರೀನ್. “ಇದನ್ನ ಒಂದ್ ಚೀಲ ಚಾಚಿಗೆ ತಗೊಂಡ್ ಹೋಗಣ.”

ಟಾಂಪೆರೆಯ ಎರಡು ಕೆರೆಗಳ ಮಧ್ಯೆ ಕಾಫಿ ಅಂಗಡಿಯೊಂದರ ಹೊರಗೆ ಸಾಲಾಗಿ ಕೂಸಿನ ಗಾಡಿಗಳು ನಿಂತಿದ್ದವು. ಒಳಗೆ ಕೂಸುಗಳು ನಿದ್ದೆಯಲ್ಲಿ, ಅಂಗಡಿಯೊಳಗೆ ತಾಯಂದಿರು ಕಾಫಿಯಲ್ಲಿ. ಕಾವಲಿಗೆ ಒಬ್ಬರಿಲ್ಲ. ನಮ್ಮ ಕಡೆ ಹೀಗೆ ಬಿಟ್ಟರೆ ಕಳ್ಳರ ಭಯವಿಲ್ಲ, ಹೋಗಿ ಬರುವ ಹೆಂಗಸರೆಲ್ಲ ಎತ್ತಿ ಮುದ್ದಾಡಿ, ಯಾರ ಮೂಗು ಬಂದಿದೆ ಎಂದು ಚರ್ಚೆ ಮಾಡಿ, ಮಗುವಿನ ನಿದ್ದೆಯನ್ನೇ ಕದ್ದಿರುತ್ತಾರೆ. ಬೀಗವಿಲ್ಲದ ಈ ಊರಿನಲ್ಲಿ ಬೀಗದ ಆಟವನ್ನು ಯಾಕೆ ಇಟ್ಟುಕೊಂಡಿದ್ದಾರೋ ಎಂದುಕೊಂಡೆ. ಇನ್ನೊಂದು ವಿಶೇಷ, ಬೇಸಿಗೆಯಲ್ಲಿ ಅಲ್ಲಿ ಊಟ ಮುಗಿದು ಮಲಗುವ ಹೊತ್ತಾದರೂ ಸೂರ್ಯ ಮುಳುಗುವುದಿಲ್ಲ. ಓಬಳೇಶಿ ಆಕಾಶ ನೋಡಿ ಹೊಟ್ಟೆ ಉರಿದುಕೊಂಡ.

“ಚೂಡು ಮಾಮಾ, ಇಂಥ ಸೂರ್ಯುಡ್ನ ಸುಮ್ನೆ ವೇಸ್ಟ್ ಮಾಡ್ತಾವ್ರೆ. ನಮ್ ವಳ್ಳೂರಿಗೆ ಬಂದಿದ್ರೆ ನೈಟ್ ಶಿಫ್ಟೂ ಕರೆಂಟ್ ತೆಗೀಬೋದಿತ್ತು.”

ಆಟದ ಮೊದಲ ದಿನ

ಆಟದ ನಿಯಮ ಸರಳ. ಪ್ರತಿ ತಂಡವೂ ಒಂದು ಗುಟ್ಟಿನ ಪದವನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟು ಕಾಯಬೇಕು. ಬೇರೆಯವರು ಅದನ್ನು ಯಂತ್ರದಿಂದಲೋ ಮಾತಿನಿಂದಲೋ ಹೊರಡಿಸಬೇಕು. ಎರಡನೇ ದಿನದ ಮಧ್ಯಾಹ್ನದ ತನಕ ತನ್ನ ಪದ ಉಳಿಸಿಕೊಂಡು, ಬೇರೆಯವರದನ್ನು ಹೆಚ್ಚು ಕಿತ್ತವರಿಗೆ ಕಪ್. ಎಲ್ಲರ ಮಣಿಕಟ್ಟಿಗೂ ಒಂದು ಹಸಿರು ಪಟ್ಟಿ. ಅದು ಕಟ್ಟಿದ್ದರೆ “ನನ್ನನ್ನು ಏಮಾರಿಸಲು ಒಪ್ಪಿಗೆ ಇದೆ” ಎಂದರ್ಥ. ಬಿಚ್ಚಿದವರನ್ನು ಮುಟ್ಟುವ ಹಾಗಿಲ್ಲ. ನಸ್ರೀನಳ ಮುಖ ಅರಳಿತು. ಇಷ್ಟು ವರ್ಷ ಅವಳು ಬಾಯಲ್ಲಿ ಹೇಳಿದ್ದನ್ನು ಈ ಜನ ದರ್ಜಿಯ ಕೈಲಿ ಹೊಲಿಸಿಟ್ಟಿದ್ದರು.

ನಮ್ಮ ಪದ ಆರಿಸಿದ್ದು ನಾನು. ಕರಿಬೆಳ್ಳಿ. ನನ್ನ ಮದುವೆಯಲ್ಲಿ ಮಾವನವರು ಕೊಟ್ಟ ಎಮ್ಮೆ. ಇದ್ದಿಲಿನಷ್ಟು ಕಪ್ಪಗಿತ್ತು, ಮಾವನವರು ಬೆಳ್ಳಿ ಎಂದು ಕರೆಯುತ್ತಿದ್ದರು. ಅವರಿಗೂ ಎಮ್ಮೆಗೂ ಸರಿಹೋಗಲೆಂದು ನಾನು ಕರಿ ಸೇರಿಸಿದೆ.

“ಭೇಷ್ ಐತೆ ಚಾಚಾ,” ಎಂದಳು ನಸ್ರೀನ್. “ಯಂತ್ರ ನಿಘಂಟಿಂದ ಒಂದೊಂದೇ ಪದ ತೆಗ್ದು ಹಾಕಿ ನೋಡ್ತದೆ. ಕರಿಬೆಳ್ಳಿ ಯಾವ ನಿಘಂಟಲ್ಲೂ ಇಲ್ಲ.”

ಇರಲಿಲ್ಲ. ಬೆಳಗಿನಿಂದ ಬೇರೆ ತಂಡದವರ ಯಂತ್ರಗಳು ನಮ್ಮ ಬಾಗಿಲು ಬಡಿದವು. ಓಬಳೇಶಿ ಪರದೆ ನೋಡುತ್ತಾ ನಗುತ್ತಿದ್ದ. “ನಿಘಂಟು ಪೂರಾ ತಂದು ಸುರೀತಾವ್ರೆ ಮಾಮಾ. ನಿಮ್ ಎಮ್ಮೆ ಅಲ್ಲಾಡ್ತಾ ಇಲ್ಲ.”

ಅವರಿಬ್ಬರು ಯಂತ್ರದಲ್ಲಿ ಬೇರೆ ಕೆಲವು ತಂಡಗಳ ಪದ ಕಿತ್ತರು. ಮಾತಿನಿಂದ ಕೀಳುವ ಭಾರ ನನ್ನದು. ನಾನೇನು ಮಾಡಿದೆ ಕೇಳಿ. ಆ ಊರಿನವರದೇ ಒಂದು ತಂಡವಿತ್ತು, ಅವರ ಕೋಣೆಗೆ ಫೋನು ಮಾಡಿದೆ. ಆಟ ನಡೆಸುವ ಮೇಲಧಿಕಾರಿಯ ದನಿಯನ್ನು ಬೆಳಿಗ್ಗೆಯೇ ಕಿವಿಯಲ್ಲಿ ಹಿಡಿದಿಟ್ಟಿದ್ದೆ, ಚೂರೂ ತಪ್ಪದ ಹಾಗೆ ಆಡಿದೆ.

“ಅವರು ನಿನ್ನೆ ಸಂಜೆಯಿಂದ ರಜೆಯಲ್ಲಿದ್ದಾರೆ,” ಎಂದಳು ಆ ಕಡೆಯ ಹುಡುಗಿ. “ರಜೆಯಲ್ಲಿರುವವರು ಫೋನು ಮಾಡುವುದಿಲ್ಲ.”

“ಬೆಳಿಗ್ಗೆ ಭಾಷಣ ಮಾಡಿದರಲ್ಲ?”

“ರಜೆಯಲ್ಲಿ ಬಂದು ಮಾಡಿದರು. ಈಗ ದೋಣಿಯಲ್ಲಿದ್ದಾರೆ.” ಫೋನು ಇಟ್ಟಳು. ನಮ್ಮ ಕಡೆ ಮೇಲಧಿಕಾರಿ ರಜೆಯಲ್ಲಿದ್ದಾರೆಂದರೆ ಆವತ್ತು ಇನ್ನೂ ಹತ್ತು ಫೋನು ಜಾಸ್ತಿ ಬರುತ್ತವೆ.

ಸರಿ, ಎರಡನೇ ಬಾಣ. ಆ ಕೋಣೆಯ ಬಾಗಿಲಿಗೇ ಹೋಗಿ ಹೊಟ್ಟೆ ಹಿಡಿದುಕೊಂಡು ಕುಸಿದೆ. ಮುದುಕ, ಪರದೇಶಿ, ಒಳಗೆ ಕೂರಿಸಿ ನೀರು ಕೊಡದೆ ಇರುತ್ತಾರೆಯೇ? ಕೊಟ್ಟರು. ಆದರೆ ಒಳಗೆ ಕೂರಿಸಲಿಲ್ಲ. ನಾಲ್ವರು ಎತ್ತಿಕೊಂಡು ಹೋಗಿ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಮಲಗಿಸಿದರು. ನರ್ಸು ಬಂದು ಬಿಪಿ ನೋಡಿದಳು. ನಾಟಕವಾಡಿದ ದಣಿವಿಗೋ ಏನೋ ಬಿಪಿ ನಿಜವಾಗಿಯೂ ಏರಿತ್ತು. ಕಾಫಿ ಬೇಡ, ಉಪ್ಪು ಬೇಡ, ಎದ್ದೇಳಬೇಡಿ ಎಂದು ತಾನೇ ಕಾವಲು ಕೂತಳು. ಅಷ್ಟು ಒಳ್ಳೆಯತನದ ಎದುರು ಮೋಸ ಮಾಡಲು ಸಾಧ್ಯವೇ ಇಲ್ಲ, ಅದೊಂದು ಉಕ್ಕಿನ ಬಾಗಿಲು. ನಸ್ರೀನ್ ಬಂದು ಬಿಡಿಸಿಕೊಂಡು ಹೋದಳು.

ಕಾಫಿಗೆ ನಿಂತ ಸಾಲಿನಲ್ಲಿ ಆ ತಂಡದ ಹಿರಿಯನೊಬ್ಬ ಸಿಕ್ಕಿದ. ಯುಕ್ಕ ಎಂದು ಹೆಸರು. ನನ್ನಷ್ಟೇ ವಯಸ್ಸು, ನಮ್ಮ ಬೆಟ್ಟದ ಬಂಡೆಯಷ್ಟೇ ಮಾತು. ನರ್ಸಿಗೆ ಕಾಣದಂತೆ ಕಾಫಿ ಹಿಡಿದುಕೊಂಡು ಸ್ವಲ್ಪ ಜಂಬ ಕೊಚ್ಚಿದೆ. “ನಿಮ್ಮ ಯಂತ್ರಗಳಿಗೆ ನಮ್ಮ ಪದ ಸಿಗಲ್ಲಪ್ಪ. ಅದು ನಮ್ಮ ಮನೆಯವರ ಪೈಕಿ ಒಬ್ಬರ ಹೆಸರು” ಎಂದೆ. ಅವನು ತಲೆಯಾಡಿಸಿದ.

ಹಬೆಮನೆ

ಸಂಜೆ ಎಲ್ಲರಿಗೂ ಕೆರೆಯ ದಂಡೆಯ ಹಬೆಮನೆಗೆ ಆಹ್ವಾನ. ಸೌನಾ ಅನ್ನುತ್ತಾರೆ. ಮರದ ಕೋಣೆ, ಒಲೆಯ ಮೇಲೆ ಕಾದ ಕಲ್ಲುಗಳು, ಅದರ ಮೇಲೆ ನೀರೆರಚಿ ಹಬೆಯಲ್ಲಿ ಬೇಯುವುದು. ಗಂಡಸರದು ಬೇರೆ, ಹೆಂಗಸರದು ಬೇರೆ. ಒಳಗೆ ಹೋಗುವವರ ಮೈಮೇಲೆ ದಾರವೂ ಇರಬಾರದು. ಹಸಿರು ಪಟ್ಟಿಯನ್ನೂ ಬಿಚ್ಚಿ ಮೊಳೆಗೆ ಹಾಕಬೇಕು. ಪಟ್ಟಿ ಬಿಚ್ಚಿದೆ. ಟವೆಲ್ಲಿನ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಇಜಾಜತ್ ಕೊಡಲಿಲ್ಲ.

ಓಬಳೇಶಿ ಒಳಗೆ ಬಂದವನು ಒಮ್ಮೆ ಉಸಿರೆಳೆದು ವಾಪಸು ತಿರುಗಿದ. “ಇದಕ್ಕೆ ವಿಮಾನ ಹತ್ತಿ ಬರ್ಬೇಕಾ? ನಮ್ ಕಡೆ ಏಪ್ರಿಲ್‌ನಾಗೆ ಪ್ಯಾನಲ್ ಒರೆಸೋಕೆ ನಿಂತ್ರೆ ಇದೇ ಕದಾ ಮಾಮಾ.” ನಾನು ಮಾತ್ರ ಏಪ್ರಿಲ್ ಮಧ್ಯಾಹ್ನ ಮಧುಗಿರಿ ಬೆಟ್ಟ ಬರಿಗಾಲಲ್ಲಿ ಹತ್ತಿದವನು, ಈ ಕಲ್ಲಿಗೆಲ್ಲ ಹೆದರುವವನೇ ಎಂದು ಮೇಲಿನ ಹಲಗೆಯ ಮೇಲೆ ಕೂತೆ.

ಪಕ್ಕದಲ್ಲಿ ಯುಕ್ಕ. ಬೇರೆ ಯಾರೂ ಇಲ್ಲ. ಅವನು ಕಲ್ಲಿನ ಮೇಲೆ ಒಂದು ಸೌಟು ನೀರೆರೆದ. ಬುಸ್ಸೆಂದಿತು. ನಾನು ಕೆಮ್ಮಿದೆ. ಅವನು ಸುಮ್ಮನಿದ್ದ. ಬಿಸಿ ಚೆನ್ನಾಗಿದೆ ಎಂದೆ. ಅವನು ಸುಮ್ಮನಿದ್ದ.

ಇಬ್ಬರು ಮನುಷ್ಯರು ಪಕ್ಕಪಕ್ಕ ಕೂತು ಮಾತಾಡದೆ ಇರುವುದು ನಮ್ಮ ಕಡೆ ಎರಡೇ ಸಂದರ್ಭದಲ್ಲಿ. ಜಗಳವಾಗಿರಬೇಕು, ಇಲ್ಲವೇ ಮನೆಯಲ್ಲಿ ಹೆಣವಿರಬೇಕು. ಅವನು ಇನ್ನೊಂದು ಸೌಟು ಎರೆದ. ನಾನು ತಡೆಯಲಾರದೆ ನಮ್ಮ ಕಡೆ ಈ ಸಲ ಮಳೆ ತಡವಾಯಿತು ಎಂದೆ. ಸುಮ್ಮನಿದ್ದ. ಮಳೆಯಿಂದ ಎಕ್ಸ್‌ಚೇಂಜಿಗೆ ಬಂದೆ, ಅಲ್ಲಿಂದ ನನ್ನ ಮದುವೆಗೆ ಬಂದೆ. ಮಾವನವರ ಜಿಪುಣತನ ಹೇಳಿದೆ, ಕೊಟ್ಟ ಎಮ್ಮೆ ಮೊದಲ ದಿನವೇ ನನ್ನನ್ನು ಒದ್ದು ಸಗಣಿಯಲ್ಲಿ ಕೂರಿಸಿದ್ದು ಹೇಳಿದೆ. ಅದರ ಬಣ್ಣ, ಅದರ ಬುದ್ಧಿ, ಮಾವ ಇಟ್ಟ ಹೆಸರು, ನಾನು ಅದಕ್ಕೆ ಸೇರಿಸಿದ ಹೆಸರು ಎಲ್ಲ ಹೇಳಿದೆ. ಕೊನೆಗೆ ಅದು ಸತ್ತ ದಿನ ಮಾವನವರೂ ನಾನೂ ಜೊತೆಗೆ ಅತ್ತದ್ದು ಹೇಳಿದೆ. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ಯುಕ್ಕ ಬಹಳ ಹೊತ್ತು ಕಲ್ಲು ನೋಡಿದ. “ಒಳ್ಳೆ ಎಮ್ಮೆ,” ಎಂದ. ಎದ್ದು ಹೋಗಿ ಕೆರೆಗೆ ಹಾರಿದ.

ಊಟಕ್ಕೆ ಕೂತಾಗ ಬೀಗಿಕೊಂಡು ಹೇಳಿದೆ. “ಕೊನೆಗೂ ಒಬ್ಬ ಸಿಕ್ದ ಕಣಮ್ಮ. ಬಾಯ್ ಬುಡದೆ ಕೂತಿದ್ದೋನಿಗೆ ನನ್ ಪೂರ್ತಿ ಕತೆ ಕೇಳ್ಸಿ ಬಂದ್ಬುಟ್ಟೆ. ಕರಗೋದ.”

ನಸ್ರೀನ್ ಆಲೂಗಡ್ಡೆ ಬಿಡಿಸುತ್ತಿದ್ದವಳು ನಿಲ್ಲಿಸಿದಳು. “ಎಮ್ಮೆ ಕತೆನೂ ಹೇಳಿದ್ರಾ ಚಾಚಾ?”

“ಅದೇ ಮೇನು.”

“ಹೆಸರು ಹೇಳಿದ್ರಾ?”

“ಹೆಸ್ರು ಹೇಳ್ದೆ ಎಮ್ಮೆ ಕತೆ ಹೆಂಗಮ್ಮ ಹೇಳಾದು?”

ಹೇಳಿ ಮುಗಿಸಿದ ಮೇಲೆ ನನ್ನ ಕಿವಿಗೇ ಅದು ಬಿತ್ತು. ಓಬಳೇಶಿ ಹಣೆಗೆ ಕೈ ಹಚ್ಚಿಕೊಂಡು “ದೇವುಡಾ” ಎಂದ. ನಸ್ರೀನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಲ್ಯಾಬು ಹೋಯ್ತು,” ಎಂದು ಮೆಲ್ಲಗೆ ಹೇಳಿ, ಆಲೂಗಡ್ಡೆಯನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದಳು. ನಾಲ್ಕು ತಾಲೂಕಿನ ಓಟಿಪಿ ಕಿತ್ತ ನನ್ನ ಬಾಯಿಂದ ಎಮ್ಮೆಯನ್ನು ಹೊಡೆದುಕೊಂಡು ಹೋಗಿದ್ದರು, ಅದೂ ಹಗ್ಗ ಕೂಡ ಮುಟ್ಟದೆ.

ಇಬ್ಬರೂ ಸೋತ ಬೆಳಿಗ್ಗೆ

ಬೆಳಿಗ್ಗೆ ನಮ್ಮ ಮೇಜಿನ ಹತ್ತಿರ ಯುಕ್ಕ ಬಂದು ನಿಂತ. ಮುಗಿಯಿತು ಎಂದುಕೊಂಡೆ. ಅವನು ನಸ್ರೀನಳನ್ನು ನೋಡಿ ಹೇಳಿದ: “ನಿಮ್ಮ ಪದ ನನಗೆ ಗೊತ್ತು. ನನ್ನ ತಂಡಕ್ಕೆ ಹೇಳಿಲ್ಲ. ಹಬೆಮನೆಯಲ್ಲಿ ಇವರ ಕೈಗೆ ಪಟ್ಟಿ ಇರಲಿಲ್ಲ. ಹಾಗಾಗಿ ಅದು ನನ್ನದಲ್ಲ.” ಇಷ್ಟು ಮಾತಾಡಿ ದಣಿವಾಗಿ ಕುರ್ಚಿ ಎಳೆದುಕೊಂಡ.

ನನ್ನ ಪ್ರಾಣ ಮರಳಿ ಬಂತು. ಓಬಳೇಶಿ ಅವನ ಕೈಕುಲುಕಿದ. ನಸ್ರೀನ್ ಮಾತ್ರ ಎದ್ದು ತೀರ್ಪುಗಾರರ ಕಡೆ ಹೊರಟಳು.

“ಎಲ್ಲಿಗಕ್ಕಾ?” ಎಂದ ಓಬಳೇಶಿ.

“ನಮ್ ಪದ ಆಚೆ ಹೋಗೈತೆ ಅಂತ ಹೇಳಕ್ಕೆ.”

“ಆಯಪ್ಪನೇ ವದ್ದು, ಬ್ಯಾಡ ಅಂತಾವ್ನೆ, ನೀನ್ಯಾಕಕ್ಕ ಮೈಮ್ಯಾಲೆ ಎಳ್ಕಂತೀಯ?”

“ಗಿರಣಿ ಮಹಡೀಲಿ ಏನ್ ಹೇಳ್ಕೊಟ್ಟೀವಿ ಓಬಳೇಶಿ? ಗುಟ್ಟು ಸೋರ್ತು ಅಂತ ಗೊತ್ತಾದ್ ತಕ್ಷಣ ಹೇಳ್ಬೇಕು, ಮುಚ್ಕೋಬಾರ್ದು ಅಂತ ಅಲ್ವಾ? ಕಪ್ ಬರ್ತದೆ ಅಂತ ಇವತ್ತು ಮುಚ್ಕೊಂಡ್ರೆ ಡೈರಿ ಸೆಕ್ರೆಟರಿಗೆ ಯಾವ ಮುಖ ಇಟ್ಕೊಂಡು ಪಾಠ ಹೇಳ್ಲಿ?”

ತೀರ್ಪುಗಾರರ ಮುಂದೆ ನಸ್ರೀನ್ ನಾವು ಸೋತೆವು ಎಂದಳು. ಯುಕ್ಕ ಹಿಂದೆಯೇ ಬಂದು, ಇಲ್ಲ, ಅವರ ಪದ ಉಳಿದಿದೆ, ಅದನ್ನು ಕಿತ್ತುಕೊಳ್ಳಲಾಗದೆ ಸೋತವನು ನಾನು ಎಂದ. ನಾನು ಊರಿನಲ್ಲಿ ಬೇಕಾದಷ್ಟು ಕಬಡ್ಡಿ ನೋಡಿದ್ದೇನೆ. ಎರಡು ತಂಡವೂ ತಾವೇ ಗೆದ್ದೆವೆಂದು ಹೊಡೆದಾಡಿ, ರೆಫರಿ ಹಿತ್ತಲ ಬಾಗಿಲಿಂದ ಓಡಿದ್ದನ್ನು ನೋಡಿದ್ದೇನೆ. ಎರಡು ಕಡೆಯವರೂ ತಾವೇ ಸೋತೆವೆಂದು ಹಟ ಹಿಡಿದದ್ದನ್ನು ನೋಡಿದ್ದು ಆವತ್ತೇ. ತೀರ್ಪುಗಾರರಿಗೆ ಕಾಫಿಯ ಮೇಲೆ ಕಾಫಿ ಬೇಕಾಯಿತು. ಕೊನೆಗೆ, ಪದ ನಿಮ್ಮ ಯಂತ್ರದಲ್ಲಿ ಉಳಿದಿದೆ, ನಿಮ್ಮ ತಂಡದಲ್ಲಿ ಉಳಿದಿಲ್ಲ, ಯುಕ್ಕ ಬೇರೆ ತಾನೇ ಸೋತೆ ಅನ್ನುತ್ತಾನೆ, ಆದ್ದರಿಂದ ಈ ಎರಡೂ ತಂಡಗಳನ್ನು ಲೆಕ್ಕದಿಂದ ಬಿಟ್ಟಿದ್ದೇವೆ ಎಂದರು. ಕಪ್ ಮೂರನೆಯ ತಂಡಕ್ಕೆ ಹೋಯಿತು. ಅವರು ಎರಡು ದಿನವೂ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತು, ತಮ್ಮತಮ್ಮಲ್ಲೂ ಮಾತಾಡಿರಲಿಲ್ಲ.

ಹೊರಡುವಾಗ ಯುಕ್ಕ ಸ್ಟೇಷನ್ನಿಗೆ ಬಂದ. ನಾನು ಕೇಳಿಯೇಬಿಟ್ಟೆ. “ನಿಜ ಹೇಳು ಮಾರಾಯ, ಯಾವ ಉಪಾಯದಿಂದ ನನ್ನ ಬಾಯಿ ಬಿಡಿಸಿದೆ?”

ಅವನು ಯೋಚಿಸಿದ. “ಉಪಾಯ ಇಲ್ಲ. ನಾನು ಸುಮ್ಮನಿದ್ದೆ.”

ತನ್ನ ಹಸಿರು ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟ. ಒಂದು ಪೊಟ್ಟಣ ಕಪ್ಪು ಮಿಠಾಯಿಯನ್ನೂ ಕೊಟ್ಟ. ರೈಲು ಹೊರಡುವ ತನಕ ಇಬ್ಬರೂ ಏನೂ ಮಾತಾಡದೆ ನಿಂತಿದ್ದೆವು. ನಾನು ಬೆವೆತುಹೋಗಿದ್ದೆ, ಆದರೂ ತಡೆದುಕೊಂಡೆ.

ಕೊರಟಗೆರೆ: ಗಾಜಿನ ಬೀರು

“ಕಪ್ ಎಲ್ಲಿ?” ಎಂದರು ಪ್ರಿನ್ಸಿಪಾಲರು. ಬೀರುವಿನಲ್ಲಿ ಜಾಗ ಕೂಡ ಮಾಡಿಸಿದ್ದರು. ಇಲ್ಲವೆಂದು ನಸ್ರೀನ್ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವರು ಲೊಚಗುಟ್ಟಿದರು.

“ಅಲ್ಲಮ್ಮ, ಗೆಲ್ಲೋದನ್ನ ಬಿಟ್ಟು ಸತ್ಯ ಹೇಳಕ್ಕೆ ಅಷ್ಟು ದೂರ ಹೋಗಿದ್ರಾ? ಮ್ಯಾನೇಜ್‌ಮೆಂಟಿಗೆ ನಾನೇನು ತೋರಿಸ್ಲಿ? ಅದೂ ಅಲ್ದೆ ನಮ್ಮ ಕಾಲೇಜಿಗೆ ಈ ಟ್ರೈನಿಂಗ್ ಯಾಕೆ ಬೇಕು? ನಮ್ಮ ಲ್ಯಾಬು ಮಧುಗಿರಿ ಕೋಟೆ ಇದ್ದಂಗೆ. ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತಿರೋದು. ನನ್ನ ಬಾಯಿಂದ ಅದನ್ನ ಯಾರೂ ಹೊರಡಿಸಕ್ಕಾಗಲ್ಲ.”

ನಸ್ರೀನ್ ಎದ್ದೇಬಿಟ್ಟಿದ್ದಳು. ಕಡಲೇಕಾಯಿ ಮೂಟೆಗಳು ಆ ವಾರವೇ ಬರುವುದಿತ್ತು. ನಾನು ಜೇಬಿನಿಂದ ಯುಕ್ಕನ ಪಟ್ಟಿ ತೆಗೆದೆ.

“ಸಾರ್, ಇದನ್ನ ಕಟ್ಕಳಿ. ನಿಮ್ಮುನ್ನ ಏಮಾರ್ಸಾಕೆ ಒಪ್ಗೆ ಕೊಟ್ಟಂಗೆ. ಒಂದ್ ಟೀ ಕುಡಿಯಾ ಹೊತ್ನಾಗೆ ನಿಮ್ ಬಾಯಿಂದಲೇ ಪಾಸ್‌ವರ್ಡ್ ಬಂದ್ರೆ ಭಾನ್ವಾರ ಲ್ಯಾಬ್ ನಮ್ಗೆ. ಬರ್ದಿದ್ರೆ ಇನ್ನ ಈ ಕಡೆ ತಲೆ ಹಾಕಲ್ಲ.”

ಅವರಿಗೆ ಉತ್ಸಾಹ ಬಂತು. ಪಟ್ಟಿ ಕಟ್ಟಿಸಿಕೊಂಡು ಮೊಬೈಲಿನಲ್ಲಿ ಒಂದು ಫೋಟೋ ತೆಗೆಸಿಕೊಂಡರು. ಟೀ ಬಂತು.

“ಹ್ಞಾಂ, ಕೇಳಿ, ಏನ್ ಕೇಳ್ತೀರಿ.”

ನಾನು ಸುಮ್ಮನೆ ಅವರ ಮುಖ ನೋಡಿದೆ.

“ಶುರು ಆಯ್ತಾ?”

ನೋಡಿದೆ. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ನನ್ನ ನಾಲಿಗೆ ಬಾಯೊಳಗೆ ಹಗ್ಗ ಜಗ್ಗುವ ಕರುವಿನ ಹಾಗೆ ಒದ್ದಾಡುತ್ತಿತ್ತು. ಹಬೆಮನೆ ನೆನೆಸಿಕೊಂಡೆ.

“ಫೋನಲ್ಲಿ ದನಿ ಬದಲಾಯಿಸ್ತೀರಂತಲ್ಲ. ಎದುರಿಗೆ ಕೂತ್ರೆ ಅದು ನಡಿಯಲ್ಲ,” ಎಂದರು. ಒಂದು ಗುಟುಕು ಕುಡಿದರು. “ಯಾಕ್ರೀ ಹಂಗ್ ನೋಡ್ತೀರ? ಹುಷಾರಿಲ್ವಾ? ಏನಮ್ಮ ನಸ್ರೀನ್, ಇವರಿಗೆ ಅಲ್ಲಿ ಥಂಡಿ ಗಿಂಡಿ ಹಿಡೀತಾ?”

ನಸ್ರೀನಳಿಗೆ ಅರ್ಥವಾಗಿತ್ತು. ಅವಳೂ ಸುಮ್ಮನೆ ಕೂತಳು. ಓಬಳೇಶಿ ಗೋಡೆ ನೋಡುತ್ತಿದ್ದ.

ಪ್ರಿನ್ಸಿಪಾಲರು ಪೆನ್ನು ತೆಗೆದರು, ಇಟ್ಟರು. ಕುರ್ಚಿ ಸರಿಸಿದರು. “ಗೊತ್ತು ರೀ, ನೀವು ಮನಸ್ಸಲ್ಲಿ ಏನ್ ಅಂದ್ಕೊತಿದೀರ ಅಂತ. ಇವನು ಹೊಳವನಹಳ್ಳಿಯವನು, ಊರ ಹೆಸ್ರೇ ಇಟ್ಟಿರ್ತಾನೆ ಅಂತ. ಇಲ್ಲ. ಅಷ್ಟು ದಡ್ಡ ಅಲ್ಲ ನಾನು. ಮಗಳ ಹೆಸರೂ ಅಲ್ಲ.”

ನಾನು ನೋಡಿದೆ.

“ಹಂಗೆಲ್ಲ ಇಡಬಾರದು ಅಂತ ನಂಗೂ ಗೊತ್ತು. ಅದಕ್ಕೇ ಯಾರೂ ಊಹಿಸದೆ ಇರೋದು ಇಟ್ಟಿದೀನಿ. ನಾಯಿ ಹೆಸರು ಯಾರು ಊಹಿಸ್ತಾರೆ? ಎಲ್ರೂ ಅದನ್ನ ಟೈಗರ್ ಅಂತಾರೆ. ಆದ್ರೆ ನಮ್ಮನೆಯವಳು ಹಂಗ್ ಕರೆದ್ರೆ ಒಪ್ಪಲ್ಲ, ದೊಡ್ಡ ನಾಯಿ ಅಂತ ಮರ್ಯಾದೆ ಕೊಟ್ಟು ಟೈಗರಣ್ಣ ಅಂತಾಳೆ. ಆ ಅಣ್ಣ ಅನ್ನೋದು ಹೊರಗಿನವರಿಗೆ ಹೆಂಗ್ರೀ ಗೊತ್ತಾಗುತ್ತೆ?”

ಫ್ಯಾನು ತಿರುಗುತ್ತಲೇ ಇತ್ತು. ಪ್ರಿನ್ಸಿಪಾಲರ ಟೀ ಲೋಟ ಬಾಯಿಗೂ ಮೇಜಿಗೂ ಮಧ್ಯೆ ನಿಂತಿತು.

“ಸರ್, ಹಾಕಿ ನೋಡಕ್ಕೆ ಇಜಾಜತ್ ಐತಾ?” ಎಂದಳು ನಸ್ರೀನ್. ಅವರು ತಲೆಯಾಡಿಸಿದರು. ಪಕ್ಕದ ಲ್ಯಾಬಿನಲ್ಲಿ ಓಬಳೇಶಿ ಟೈಗರಣ್ಣ ಎಂದು ಟೈಪ್ ಮಾಡಿದ. ಕಂಪ್ಯೂಟರು ಬಾಲ ಅಲ್ಲಾಡಿಸುತ್ತಾ ಬಾಗಿಲು ತೆರೆಯಿತು.

ವಾಪಸು ಬಂದು ನೋಡಿದರೆ ಪ್ರಿನ್ಸಿಪಾಲರು ಮಣಿಕಟ್ಟು ನೋಡಿಕೊಳ್ಳುತ್ತಾ ಕೂತಿದ್ದರು. “ಈ ಪಟ್ಟಿ ಯಾವಾಗ ಬಿಚ್ಚಬೋದು?” ಎಂದರು.

ಅಭ್ಯಾಸ ಕೈಗೆ ಹತ್ತಿತ್ತು. ನಾನು ಸುಮ್ಮನೆ ನೋಡಿದೆ.

“ಅಂದ್ರೆ, ಈಗ ಇದನ್ನ ಬದಲಾಯಿಸ್ಬೇಕು ಅನ್ನಿ. ಬ್ಯಾಂಕಿಂದೂ ಇದೇ ಇಟ್ಟಿದೀನಿ ನೋಡಿ, ಟೈಗರಣ್ಣನ ಮುಂದೆ ಮಗಳು ಹುಟ್ಟಿದ್ ವರ್ಷ ಒಂದು...”

“ಸರ್, ಮೊದ್ಲು ಇದನ್ನ ತಗೊಳಿ,” ಎಂದು ನಸ್ರೀನ್ ಯುಕ್ಕನ ಪೊಟ್ಟಣದಿಂದ ಒಂದು ಮಿಠಾಯಿ ಚಾಚಿದಳು.

ಫಾರಿನ್ ಮಿಠಾಯಿ ಎಂದು ಅವರು ಆಸೆಯಿಂದ ಬಾಯಿಗೆ ಹಾಕಿಕೊಂಡರು. ಪ್ರತಿ ಭಾನುವಾರ ಬೆಳಿಗ್ಗೆ ಲ್ಯಾಬು ಬೀಗ ಬಳಗಕ್ಕೆ ಎಂಬ ಮಾತನ್ನು ಅವರು ಕಣ್ಣಲ್ಲಿ ನೀರು ತುಂಬಿಕೊಂಡು, ಬರೀ ತಲೆಯಾಡಿಸಿಯೇ ಒಪ್ಪಿದರು.